ದ್ರೌಪದಿಗೆ ಬರೆದ ಉತ್ತರ

ನನ್ನ ಮಗಳು ಮಾನಸಿ ಕಾಲೇಜಿನಲ್ಲಿ ಹೊಸ ಬಗೆಯ ಕತೆ ಕಟ್ಟುವುದನ್ನು ಕಲಿತಿದ್ದಾಳೆ. ಅರ್ಧ ಅವಳು ಹೇಳುತ್ತಾಳಂತೆ, ಉಳಿದರ್ಧ ಕೇಳುವವರು ಮೊಬೈಲಿನಲ್ಲಿ ಬರೆದು ಕಳಿಸಬೇಕಂತೆ. ಯಾವ ಉತ್ತರಕ್ಕೆ ಹೆಚ್ಚು ಜನ ಹಾರ್ಟ್ ಒತ್ತುತ್ತಾರೋ ಕತೆ ಆ ದಾರಿ ಹಿಡಿಯುತ್ತದೆ. ಬರೆದವರ ಹೆಸರು ಪರದೆಯ ಮೇಲೆ ಬರುವುದಿಲ್ಲ. ಭಾನುವಾರ ನಾವಿರುವ ನೆರೂಳಿನ ಕನ್ನಡ ಸಂಘದಲ್ಲಿ ಅದರ ಪ್ರದರ್ಶನ. ಹೆತ್ತವಳು ನಾನು, ಮುಂದಿನ ಸಾಲಿನಲ್ಲಿ ಬೀಗುತ್ತ ಕುಳಿತಿದ್ದೆ.

ಪಕ್ಕದಲ್ಲಿ ಕಾಮೋಠೆಯಿಂದ ಬಂದ ಅಕ್ಕು ಚಿಕ್ಕಮ್ಮ, ಕಣ್ಣಿಗೆ ಕಪ್ಪು ಕನ್ನಡಕ. ಮದುವೆಯಾಗಿ ಊರು ಬಿಟ್ಟು ಇಲ್ಲಿಗೆ ಬಂದಾಗ ನಮಗೆ ಮನೆ ಸಿಗುವವರೆಗೆ ತಮ್ಮ ಒಂದೇ ಕೋಣೆಯಲ್ಲಿ ಇಟ್ಟುಕೊಂಡವರು ಇವರೇ. ಕಳೆದ ತಿಂಗಳು ನೆರೂಳಿನ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಆದಾಗ, "ಎರಡು ದಿನ ನಿಮ್ಮಲ್ಲಿ ಇರ್ಲಾ ಮಗಾ?" ಎಂದು ಫೋನ್ ಮಾಡಿದ್ದರು. ನಾನು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಪಾಪ, ನಂಬಿದರು. ಆ ನಂಬಿಕೆ ಒಂದು ಉಳಿದರೆ ಸಾಕು ಎಂದೇ ಈ ಪ್ರದರ್ಶನಕ್ಕೆ ಒತ್ತಾಯ ಮಾಡಿ ಕರೆಸಿದ್ದೆ.

ಕತೆ ಶುರುವಾಯಿತು. ದ್ರೌಪದಿ ಎಂಬ ಹೆಂಗಸು ನೆರೂಳು ಸ್ಟೇಷನ್ನಿನಲ್ಲಿ ಇಳಿದು ಊರಿನವರ ಫ್ಲಾಟಿಗೆ ಮೆಸೇಜು ಕಳಿಸುತ್ತಾಳೆ: "ನಾಲ್ಕು ದಿನ ಇರಬಹುದಾ?"

"ಸಬ್ ಲೋಗ್ ಲಿಖೋ, ಎಲ್ಲರೂ ಬರೀರಿ!" ಮಾನಸಿ ಮೈಕಿನಲ್ಲಿ ಕೂಗಿದಳು. "ಫ್ಲಾಟಿನವರು ಏನು ಹೇಳ್ತಾರೆ? ಮಮ್ಮಿ, ತೂ ಭೀ!"

ಹೆಸರು ಬರುವುದಿಲ್ಲವಲ್ಲ, ನಾಲ್ಕು ಜನರನ್ನು ನಗಿಸೋಣ ಎಂದುಕೊಂಡೆ. ಹಾಳು ಬೆರಳು! ಚಿಕ್ಕಮ್ಮನಿಗೆ ಹೇಳಿದ್ದನ್ನೇ ಬರೆದು ಕಳಿಸಿಬಿಟ್ಟಿತು. ಅದಕ್ಕೇ ಎಲ್ಲರಿಗಿಂತ ಹೆಚ್ಚು ಹಾರ್ಟ್ ಬಿತ್ತು. ಯಂತ್ರದ ದನಿ ದೊಡ್ಡದಾಗಿ ಓದಿತು: "ಬಿಲ್ಡಿಂಗ್ ಸೊಸೈಟಿಯಲ್ಲಿ ನೀರಿನ ಟ್ಯಾಂಕ್ ತೊಳೀತಿದ್ದಾರೆ, ನೀರೇ ಇಲ್ಲ. ಇಲ್ಲದಿದ್ರೆ ನಿಮ್ಮನ್ನು ಬಿಡ್ತಿದ್ದೆವಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಚಿಕ್ಕಮ್ಮ ನಗಲಿಲ್ಲ. "ಟ್ಯಾಂಕ್ ತೊಳ್ದದ್ದು ನಿಮ್ಮಲ್ಲಿ ಅಲ್ವಾ ಲೋಲಾ?" ಎಂದರು ಮೆಲ್ಲಗೆ.

"ಎಲ್ಲ ಸೊಸೈಟಿಯಲ್ಲೂ ತೊಳೀತಾರೆ ಚಿಕ್ಕಮ್ಮಾ. ಇದು ನಾನು ಬರ್ದದ್ದಲ್ಲ."

ಯಾರು ಕೇಳಿದ್ದರು ನನ್ನನ್ನು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಚಿಕ್ಕಮ್ಮ "ಹೌದಾ" ಎಂದರಷ್ಟೇ. ಅವರಿಗೆ ಎಲ್ಲ ಗೊತ್ತಾಗಿತ್ತು.

"ಈಗ ದ್ರೌಪದಿ ಏನು ಹೇಳ್ತಾಳೆ? ಜಲ್ದಿ, ಜಲ್ದಿ!" ಮಾನಸಿ ಮತ್ತೆ ಕೂಗಿದಳು.

ಚಿಕ್ಕಮ್ಮ ನನ್ನ ಕಡೆ ಬಾಗಿದರು. "ನನಗೆ ಅಕ್ಷರ ಸರಿ ಕಾಣುದಿಲ್ಲ ಮಾರಾಯ್ತಿ. ನಾನು ಹೇಳ್ತೇನೆ, ನಿನ್ನ ಮೊಬೈಲಲ್ಲೇ ಬರಿ."

ಬರೆದೆ. ಬರೆಯದೆ ಏನು ಮಾಡಲಿ? "ಪರವಾಗಿಲ್ಲ ಮಗಾ, ನನಗೆ ಎಲ್ಲಿಯಾದ್ರೂ ಆಗ್ತದೆ. ನಾನೊಂದು ಕೋಣೆ ಮಾಡಿದ ಮೇಲೆ, ನೀರಿಲ್ಲದಾಗ ಮಕ್ಕಳನ್ನು ಕರ್ಕೊಂಡು ನೀವೆಲ್ಲ ಅಲ್ಲಿಗೆ ಬನ್ನಿ."

ಪರದೆಯ ಮೇಲೆ ಅದು ಬಂದಾಗ ಯಾರೂ ನಗಲಿಲ್ಲ. ಹಾರ್ಟುಗಳು ಏರುತ್ತಲೇ ಹೋದವು. ಮಾನಸಿ ಮೈಕು ಹಿಡಿದು ವೇದಿಕೆಯ ಅಂಚಿಗೆ ಬಂದಳು. "ಯೇ ಕಿಸ್ನೆ ಲಿಖಾ? ಯಾರು ಬರೆದದ್ದು? ಪ್ಲೀಸ್, ಹೇಳಿ!"

ನಾನು ಬಾಯಿ ತೆರೆಯುವುದರೊಳಗೆ ಚಿಕ್ಕಮ್ಮ ನನ್ನ ಕೈ ಹಿಡಿದು ಮೇಲೆತ್ತಿದರು. "ನಿನ್ನ ಅಮ್ಮ! ಅವಳಲ್ಲದೆ ಮತ್ಯಾರು?"

ಮಗಳು ವೇದಿಕೆಯಿಂದ ಓಡಿಬಂದು ತಬ್ಬಿಕೊಂಡಳು. ಅಲ್ಲ, ಇದು ನನ್ನದಲ್ಲ ಎನ್ನಬೇಕಿತ್ತು. ನಾನು ಸಭೆಗೆ ಕೈಮುಗಿದೆ. ಥೂ, ನನ್ನ ಜನ್ಮಕ್ಕಿಷ್ಟು! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವರು ಚಿಕ್ಕಮ್ಮ.