ಕಾಲರಿನ ಒಳಗಿನ ದಾರ

ಮೊಮ್ಮಗಳು ಹೊಲಿಗೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಮನೆಗೆ ಬಂದಾಗ ಅಜ್ಜಿ ಮರಿಮಕ್ಕಳ ಕೋಟುಗಳನ್ನು ಮಡಿಲಲ್ಲಿ ಹಾಕಿಕೊಂಡು ದಾರ ಬಿಚ್ಚುತ್ತಿದ್ದಳು. ಹಸಿರು ದಾರ ಆಗಲೇ ನೆಲಕ್ಕೆ ಬಿದ್ದಿತ್ತು, ಕೆಂಪಿನದೂ ಮುಗಿಯುತ್ತ ಬಂದಿತ್ತು. ಕಣ್ಣು ಮಂಜಾದ ಮುದುಕಿಗೆ ಅಷ್ಟು ಸಣ್ಣ ಹೊಲಿಗೆ ಅದು ಹೇಗೆ ಸಿಕ್ಕಿತೋ, ಅವಳ ಬೆರಳಿಗೇ ಗೊತ್ತು.

"ನಿಂಗೆ ತಲೆ ನೆಟ್ಟಗಿದ್ಯಾ ಅಜ್ಜಿ? ಮಕ್ಕಳು ಸ್ಕೂಲಿಗೆ ಹೊರಡ್ಬೇಕು."

ಆ ದಾರ ಹಾಕಿದ್ದು ಮೊಮ್ಮಗಳೇ. ಗಡಿಯ ಕಡೆ ಗುಂಡಿನ ಸದ್ದು ಶುರುವಾದಾಗಿನಿಂದ ಬೀದಿಯ ತಾಯಂದಿರೆಲ್ಲ ಮಕ್ಕಳ ಬಟ್ಟೆ ಹೊತ್ತು ಅವಳ ಅಂಗಡಿಗೆ ಬರುತ್ತಿದ್ದರು. ಕಾಲರಿನ ಒಳಮಗ್ಗುಲಿಗೆ ಮಗುವಿಗೊಂದು ಬಣ್ಣದ ದಾರ. ಯಾತಕ್ಕೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಣ್ಣ ಆರಿಸುವಾಗ ಮಾತ್ರ ಮದುವೆ ಬಟ್ಟೆಗೆ ಬಂದವರ ಹಾಗೆ ತಕರಾರು ತೆಗೆಯುತ್ತಿದ್ದರು. ಹಳದಿ ತಮ್ಮ ಮಗುವಿಗೆ ಒಪ್ಪುವುದಿಲ್ಲವಂತೆ.

ಅಜ್ಜಿ ಕತ್ತರಿ ಕೆಳಗಿಡಲಿಲ್ಲ. ಹಳೆಯ ಯುದ್ಧದ ಮಾತು ಬಂದರೆ ಅವಳು ಇಷ್ಟು ವರ್ಷ ಹೇಳಿದ್ದು ಹಸಿವಿನ ತಮಾಷೆಗಳನ್ನಷ್ಟೇ. ಗೋಡೆ ಕಾಗದದ ಅಂಟು ಕುದಿಸಿ ಕುಡಿದದ್ದು, ಅದಕ್ಕೆ ಉಪ್ಪು ಸಾಲದೆಂದು ಅಪ್ಪ ಮುನಿಸಿಕೊಂಡದ್ದು. ಇವತ್ತು ಅವಳ ದನಿ ಬೇರೆಯಿತ್ತು.

"ನಮ್ಮಮ್ಮನೂ ಹಾಕಿದ್ಲು. ನಂಗೆ ಹಸಿರು, ತಂಗಿಗೆ ಕೆಂಪು."

ಉಳಿದದ್ದನ್ನು ತಡೆದು ತಡೆದು ಹೇಳಿದಳು. ಆ ದಿನ ಸೀಮೆಎಣ್ಣೆಗೆ ಸಾಲು ನಿಲ್ಲಲು ಹೊರಟವಳು ತಂಗಿ. ರೇಷನ್ ಚೀಟಿ ಇಟ್ಟುಕೊಳ್ಳಲು ಅವಳ ಕೋಟಿಗೆ ಜೇಬಿರಲಿಲ್ಲವೆಂದು ಅಕ್ಕನ ಕೋಟು ಹಾಕಿಕೊಂಡು ಹೋದಳು. ತಂಗಿಯದನ್ನು ತೊಟ್ಟು ಅಕ್ಕ ಊರಾಚೆಗೆ ಸೌದೆ ತರಲು ಹೋದಳು. ಯಾರು ಎಲ್ಲಿಗೆ ಹೋದರೆಂದು ಗಿರಣಿಯ ಪಾಳಿಯಲ್ಲಿದ್ದ ತಾಯಿಗೆ ಗೊತ್ತಿಲ್ಲ. ಬಾಂಬು ಸೀಮೆಎಣ್ಣೆಯ ಸಾಲಿನ ಮೇಲೆ ಬಿತ್ತು. ಮುಖ ನೋಡಿ ಗುರುತು ಹಿಡಿಯುವ ಹಾಗಿರಲಿಲ್ಲ. ಸತ್ತವರ ಕಾಲರುಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದ ತಾಯಿಗೆ ಹಸಿರು ದಾರ ಸಿಕ್ಕಿತು. ದೊಡ್ಡ ಮಗಳನ್ನು ಮಣ್ಣು ಮಾಡಿದೆನೆಂದುಕೊಂಡೇ ಮನೆಗೆ ಬಂದು, ಚಿಕ್ಕವಳಿಗಾಗಿ ದಾರಿ ಕಾಯುತ್ತ ಕೂತಳು. ರಸ್ತೆ ಮುಚ್ಚಿದ್ದರಿಂದ ಅಕ್ಕ ಮನೆ ಸೇರಿದ್ದು ಮರುದಿನ.

"ಅಮ್ಮ ನನ್ನ ಹೆಸರು ಕೂಗ್ತಾ ಓಡಿ ಬಂದು ಅಪ್ಪಿಕೊಂಡ್ಲು. ಆಮೇಲೆ ಕಾಲರಿಗೆ ಕೈ ಹೋಯ್ತು. ತಿರುಗಿಸಿ ಕೆಂಪು ದಾರ ನೋಡಿದ್ಲು. ಹಿಡಿದಿದ್ದ ಕೈ ಬಿಟ್ಬಿಟ್ಲು." ಅಜ್ಜಿ ಕೋಟಿನ ಜೇಬನ್ನು ಸವರಿದಳು. "ಆಮೇಲೂ ಬಹಳ ವರ್ಷ ಬದುಕಿದ್ಲು. ನಾನು ಹೊರಗಿಂದ ಬಂದ್ರೆ ಮೊದ್ಲು ಕಾಲರ್ ನೋಡೋಳು, ಆಮೇಲೆ ಮುಖ."

ಮೊಮ್ಮಗಳಿಗೆ ಸಿಟ್ಟು ಬಂತು. ಅಜ್ಜಿಯ ಮೇಲಲ್ಲ, ಯಾರ ಮೇಲೆಂದೂ ತಿಳಿಯಲಿಲ್ಲ.

"ದಾರ ಬೇಡ ಅಂದ್ರೆ ನಾನೇನ್ ಮಾಡ್ಲಿ? ಗುರುತೇ ಸಿಗದೆ ಹೋದ್ರೆ?"

ಮೊಮ್ಮಗಳು ಕೋಟುಗಳನ್ನು ಎಳೆದುಕೊಂಡು, ಸೂಜಿಗೆ ದಾರ ಪೋಣಿಸಿ, ಎರಡಕ್ಕೂ ಮತ್ತೆ ಹೊಲಿಗೆ ಹಾಕಿದಳು. ದೊಡ್ಡವಳಿಗೆ ಹಸಿರು, ಚಿಕ್ಕವಳಿಗೆ ಕೆಂಪು. ಏನೇ ಆದರೂ ಕೋಟು ಬದಲಾಯಿಸಿಕೊಳ್ಳಬಾರದೆಂದು ಮಕ್ಕಳಿಗೆ ಹೇಳಿದ್ದನ್ನೇ ಹೇಳಿದಳು. ಅವರು ತಲೆಯಾಡಿಸಿ ಕೈಕೈ ಹಿಡಿದು ಹೋದರು.

ಮಧ್ಯಾಹ್ನ ಸೈರನ್ ಕೂಗಿತು. ಈ ಸಲ ಅದು ತಾಲೀಮಿನದಾಗಿರಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಹೊಗೆ ಎದ್ದಿತು. ಶಾಲೆ ಇದ್ದದ್ದೂ ಆ ಕಡೆಗೇ. ಸ್ಕೂಲಿನ ಕಡೆ ಓಡಿದ ಮೊಮ್ಮಗಳನ್ನು ಚೌಕದಲ್ಲಿ ಪೊಲೀಸರು ತಡೆದು ವಾಪಸು ಕಳಿಸಿದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತಳು.

ಸಂಜೆಯ ಹೊತ್ತಿಗೆ ಬೀದಿಯ ತುದಿಯಲ್ಲಿ ಇಬ್ಬರೂ ಕಾಣಿಸಿಕೊಂಡರು. ಅಡಿಯಿಂದ ಮುಡಿಯವರೆಗೆ ಸುಣ್ಣದ ಧೂಳು, ಹಿಡಿದ ಕೈ ಹಾಗೇ ಇತ್ತು. ಅವಳು ಓಡಿಹೋಗಿ ಅವರ ಮುಂದೆ ಮೊಣಕಾಲೂರಿ ಕೂತಳು. ಅವಳ ಕೈ ನೇರವಾಗಿ ದೊಡ್ಡವಳ ಕಾಲರಿಗೆ ಹೋಯಿತು.

"ನಾವು ಬದಲಾಯಿಸ್ಕೊಂಡಿಲ್ಲಮ್ಮ," ಎಂದಳು ದೊಡ್ಡವಳು.

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ, ನೆಲ ತಡವಿ, ಬೆಳಿಗ್ಗೆ ಬಿಚ್ಚಿದ ದಾರದ ತುಂಡುಗಳನ್ನು ಒಂದೊಂದಾಗಿ ಆರಿಸತೊಡಗಿದಳು.