ಅತ್ತೆಯ ಒಲೆಯಲ್ಲಿ ಬೆಳಕಿನ ಓಟ

"ತಟ್ಟೆ ತಿರುಗಬಾರದು ಅತ್ತೆ, ತಿರುಗಿದ್ರೆ ಎಲ್ಲಾ ಕಡೆ ಒಂದೇ ಸಮ ಕರಗಿಬಿಡತ್ತೆ!" ಎಂದು ಕೂಗುತ್ತಲೇ ಅಳಿಯ ಮೈಕ್ರೋವೇವ್ ಒಲೆಯೊಳಗೆ ತಲೆ ತೂರಿಸಿ ಗಾಜಿನ ತಟ್ಟೆಯನ್ನು ಕಿತ್ತು ಹೊರಗಿಟ್ಟ.

"ಹುಷಾರು, ಹೊಸದು," ಎಂದರು ಅತ್ತೆ, ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ. ಆಕೆ ಬಟ್ಟೆ ಹೊಲಿಯುವವರು. ಊಟದ ಮೇಜಿನ ಮುಕ್ಕಾಲು ಪಾಲು ಹೊಲಿಗೆ ಯಂತ್ರದ್ದೇ.

ಅಳಿಯ ಭೌತಶಾಸ್ತ್ರದ ಮೇಷ್ಟ್ರು. ಯಾರಾದರೂ ತಮಾಷೆ ಮಾಡಿದರೆ ಮುಂದಿನ ಪಾಠದ ಹೊತ್ತಿಗೆ ನಗುವವನು. ಹಾಗಾಗಿ ಮಕ್ಕಳು ಟ್ಯೂಬ್‌ಲೈಟ್ ಎಂದು ಹೆಸರಿಟ್ಟಿದ್ದರು. ಆ ಹೆಸರು ಅಂದು ಕರಿಹಲಗೆಯ ಮೇಲೂ ಕಂಡಾಗ ರೋಷ ಉಕ್ಕಿ, "ನಾಳೆ ಬೆಳಕಿನ ವೇಗವನ್ನ ನಿಮ್ಮೆದುರೇ ಅಳೆದು ತೋರಿಸದಿದ್ರೆ ನನ್ನ ಹೆಸರೇ ಬೇರೆ!" ಎಂದುಬಿಟ್ಟಿದ್ದ. ಹಿಂದಿನ ಬೆಂಚು ಯಾಕೆ ನಕ್ಕಿತೆಂದು ಅವನಿಗೆ ಮನೆ ಮುಟ್ಟಿದ ಮೇಲೆ ಹೊಳೆಯಿತು.

ಅದಕ್ಕೇ ಈ ಒಲೆ ಬೇಕಿತ್ತು. "ಮೊದಲು ನನ್ನ ಮುಂದೆ ಮಾಡಿ, ಆಮೇಲೆ ಶಾಲೆಗೆ ಒಯ್ಯಿರಿ," ಎಂದಿದ್ದರು ಅತ್ತೆ.

ಚಾಕೊಲೇಟಿನ ಅಗಲ ಹಲಗೆ ಒಳಗೆ ಹೋಗಿ, ಇಪ್ಪತ್ತು ಸೆಕೆಂಡು ಕಳೆದು ಹೊರಬಂತು. ಅಲ್ಲಲ್ಲಿ ಮಾತ್ರ ಕರಗಿ ಗುಳಿ ಬಿದ್ದಿತ್ತು.

"ಒಲೆಯ ಅಲೆಗಳೂ ಬೆಳಕಿನ ದಾಯಾದಿಗಳೇ ಅತ್ತೆ, ಓಟ ಒಂದೇ. ಅಲೆ ಎಲ್ಲಿ ಜೋರಾಗಿ ಕುಣಿಯತ್ತೋ ಅಲ್ಲಿ ಕರಗತ್ತೆ." ಚೀಟಿಯ ಮೇಲೆ ಹಾವಿನಂಥ ಗೆರೆ ಎಳೆದು ತೋರಿಸಿದ. "ಒಂದು ಅಲೆಯ ಉದ್ದ ಸಿಕ್ಕಿದ್ರೆ ಸಾಕು. ಸೆಕೆಂಡಿಗೆ ಎಷ್ಟು ಅಲೆ ಅಂತ ಒಲೆಯ ಬೆನ್ನ ಮೇಲೇ ಬರೆದಿದೆ, ಇನ್ನೂರ ನಲವತ್ತೈದು ಕೋಟಿ. ಗುಣಿಸಿದ್ರೆ ಬೆಳಕಿನ ವೇಗ!"

ಗುಳಿಯಿಂದ ಗುಳಿಗೆ ಆರು ಸೆಂಟಿಮೀಟರ್. ಗುಣಿಸಿದ. ಮತ್ತೆ ಗುಣಿಸಿದ. ಮುಖ ಹುಳ್ಳಗಾಯಿತು.

"ಎಷ್ಟು ಬಂತು?"

"ಸೆಕೆಂಡಿಗೆ ಒಂದು ಲಕ್ಷದ ನಲವತ್ತೇಳು ಸಾವಿರ ಕಿಲೋಮೀಟರ್."

"ಬರಬೇಕಾಗಿದ್ದು?"

"ಸುಮಾರು ಮೂರು ಲಕ್ಷ. ನಿಮ್ಮ ಅಡುಗೆಮನೆಯಲ್ಲಿ ಮಾತ್ರ ಬೆಳಕು ಯಾಕೋ ನಿಧಾನ..."

"ನಮ್ಮ ಮನೇಲಿ ಯಾರೂ ನಿಧಾನ ಇರಲಿಲ್ಲಪ್ಪ, ನೀವು ಬರೋ ತನಕ." ಅತ್ತೆ ಪಿನ್ನುಗಳನ್ನು ಉಗುಳಿ ಚೀಟಿ ಎಳೆದುಕೊಂಡರು. "ಇದು ಉಬ್ಬಿದ ಕಡೆಯೂ ಕುಣಿಯತ್ತೆ, ತಗ್ಗಿದ ಕಡೆಯೂ ಕುಣಿಯತ್ತೆ ತಾನೆ? ಅಂದ್ರೆ ಒಂದು ಅಲೆಗೆ ಎರಡು ಗುಳಿ. ನೀವು ಅಳೆದದ್ದು ಅರ್ಧ. ಮೇಜಿನ ಮೇಲೆ ಹಾಸಿದ ಅಂಗಿ ಅಳೆದ್ರೆ ಎದೆ ಮಾತ್ರ ಸಿಗೋದು. ಮನುಷ್ಯನಿಗೆ ಬೆನ್ನೂ ಇರತ್ತಲ್ಲ ಅಳಿಯಂದ್ರೇ! ಎರಡರಷ್ಟು ಮಾಡಿ."

ಮಾಡಿದ. ಎರಡು ಲಕ್ಷದ ತೊಂಬತ್ತನಾಲ್ಕು ಸಾವಿರ! ಮೂರು ಲಕ್ಷದ ಮಗ್ಗುಲಿಗೇ ಬಂದು ಕೂತಿತ್ತು. ಅಳಿಯ ಕುರ್ಚಿ ಹತ್ತಿ ಕುಣಿದುಬಿಟ್ಟ.

"ಒಯ್ಯಿರಿ ಒಲೇನ," ಎಂದರು ಅತ್ತೆ, ಪ್ರೀತಿ ಉಕ್ಕಿ. "ಜೊತೆಗೆ ನಾನೂ ಬರ್ತೀನಿ. ಮೇಷ್ಟ್ರು ಅರ್ಧ ಬೆಳಕನ್ನ ಎಲ್ಲಿ ಕಳಕೊಂಡಿದ್ರು, ಯಾರು ಹುಡುಕಿಕೊಟ್ರು ಅಂತ ಮಕ್ಕಳಿಗೆ ನಾನೇ ಬಿಡಿಸಿ ಹೇಳ್ತೀನಿ. ಎಷ್ಟು ಹೊತ್ತಿಗೆ ಹೊರಡೋಣ?"

ಮೂವತ್ತೆಂಟು ಮಕ್ಕಳ ಕಿವಿಗೆ ಆ ಮಾತು ಬಿದ್ದರೆ, ಇಟ್ಟ ಹೆಸರು ಪಿಂಚಣಿಯ ತನಕ ಬಿಡುವುದಿಲ್ಲ. ಅಳಿಯ ಕುರ್ಚಿಯ ಮೇಲಿಂದ ಮೆಲ್ಲಗೆ ಇಳಿದ.

"ಒಲೆ ಬೇಡ ಅತ್ತೆ," ಎಂದ.