ಗಾಲಿ ಮನೆಯ ಫ್ರಿಜ್ಜು

ಕುರಿ ಕಾಯುವವರಿಗೆ ಫ್ರಿಜ್ಜು ಯಾಕೆ ಎಂದು ನಗುವವರಿಗೆ ಉತ್ತರ ಕೊಡುವುದನ್ನು ಮಮತಾ ಬಿಟ್ಟು ಮೂರು ವರ್ಷವಾಗಿತ್ತು. ಮಗಳು ಮೀನಾಳಿಗೆ ಆರನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಾಗ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕು, ಔಷಧ ತಂಪಿನಲ್ಲೇ ಇರಬೇಕು ಎಂದು ಶಿಕಾರಿಪುರದ ಡಾಕ್ಟರು ಹೇಳಿದ್ದರು. ಸುಗ್ಗಿ ಮುಗಿದಲ್ಲಿಂದ ಮಳೆ ಹಿಡಿಯುವ ತನಕ ಮಂದೆಯ ಹಿಂದೆ ಹೊಲದಿಂದ ಹೊಲಕ್ಕೆ ಹೋಗುವವರಿಗೆ ತಂಪು ಎಲ್ಲಿಂದ ಬರಬೇಕು? ಮಗಳನ್ನು ಯಾರದೋ ಮನೆಯಲ್ಲಿ ಬಿಟ್ಟು ಹೋಗು ಎಂದರು ಕೆಲವರು. ಅದೊಂದು ಮಾತ್ರ ನನ್ನ ಕೈಲಾಗದು ಎಂದಳು ಮಮತಾ.

ಗಂಡ ಪರಶುರಾಮ ಹಳೇ ಟ್ರ್ಯಾಕ್ಟರ್ ಟ್ರೇಲರ್ ಒಂದನ್ನು ತಂದು, ಸುತ್ತ ತಗಡು ಹೊಡೆಸಿ, ಒಳಗೆ ಒಂದು ಮಂಚ, ಒಂದು ಗ್ಯಾಸಿನ ಒಲೆ, ಮೂಲೆಗೊಂದು ಹಳೇ ಸಣ್ಣ ಫ್ರಿಜ್ಜು ಇಟ್ಟ. ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ ರೈತರು, ಹೊಲಕ್ಕೆ ಬೀಳುವ ಗೊಬ್ಬರದ ಬದಲಿಗೆ ಕಾಳು ಕೊಡುವುದು ವಾಡಿಕೆ. ಪರಶುರಾಮ ಕಾಳಿನ ಮಾತನ್ನು ಆಮೇಲೆ ಎತ್ತುತ್ತಿದ್ದ. ಮೊದಲು ಕೇಳುತ್ತಿದ್ದುದು, ನಿಮ್ಮ ಮನೆಯಿಂದ ಒಂದು ವೈರು ಎಳೆದುಕೊಳ್ಳಲಾ ಎಂದು.

ಆ ಏಪ್ರಿಲಿನಲ್ಲಿ ಉಡುತಡಿ ಕಡೆಯ ಮಹೇಶ್ವರಪ್ಪನವರ ಹೊಲಕ್ಕೆ ಬಂದಾಗಲೂ ಹಾಗೇ ಆಯಿತು. ಅವರ ಹೆಂಡತಿ ನೀಲಾಂಬಿಕ, ಅದಕ್ಕೇನಂತೆ ಎಂದು ಜಗುಲಿಯ ಪ್ಲಗ್ಗನ್ನು ಬಿಟ್ಟುಕೊಟ್ಟರು. ಮೊದಲ ದಿನ ಟ್ರೇಲರು ದನದ ಕೊಟ್ಟಿಗೆಯ ಹಿಂದೆಯೇ ನಿಂತಿತ್ತು. ಫ್ರಿಜ್ಜು ಒಳ್ಳೇ ಆಕಳಿನ ಹಾಗೆ ಮೆತ್ತಗೆ ಉಸಿರಾಡಿತು. ಪ್ಲಗ್ಗು ಬಿಗಿಯಾಗಿದೆಯಾ ಎಂದು ದಿನಾ ಹೋಗಿ ನೋಡಿ ಬರುವ ಕೆಲಸ ಮೀನಾಳದ್ದು. ಒಂಬತ್ತರ ಹುಡುಗಿ ಅದನ್ನು ಸರ್ಕಾರಿ ನೌಕರಿಯ ಹಾಗೆ ಮಾಡುತ್ತಿದ್ದಳು.

ಆದರೆ ಗೊಬ್ಬರ ಒಂದೇ ಕಡೆ ಬಿದ್ದರೆ ಹೊಲದವರಿಗೇನು ಲಾಭ? ದಿನಾ ಸಂಜೆ ಕುರಿ ಕೂಡುವ ಬಲೆ ಕಿತ್ತು ಮುಂದಕ್ಕೆ ಕಟ್ಟಬೇಕು. ಬಲೆ ಹೋದಲ್ಲಿಗೆ ಮರಿಗಳು, ಮರಿಗಳಿದ್ದಲ್ಲಿಗೆ ಟ್ರೇಲರು. ದಿನಕ್ಕಿಷ್ಟು ಅಂತ ಮನೆ ಹಿಂದಾಯಿತು, ವೈರು ಉದ್ದವಾಯಿತು. ತಂದಿದ್ದ ವೈರು ಮುಗಿದ ಮೇಲೆ ಪರಶುರಾಮ ಮೈಕ್ ಸೆಟ್ಟಿನವನ ಹತ್ತಿರ ಇದ್ದ ಸಣ್ಣ ವೈರು ಕೇಳಿ ತಂದು, ಗಂಟು ಹಾಕಿ, ಟೇಪು ಸುತ್ತಿದ. ಏಳನೇ ದಿನಕ್ಕೆ ಅವರು ಹೊಲದ ಆ ತುದಿಯ ಬದುವಿನ ಹತ್ತಿರ ಇದ್ದರು. ಹಗಲು ಊರಿನ ಮೋಟರುಗಳೆಲ್ಲ ಶುರುವಾದರೆ ಟ್ರೇಲರಿನ ಬಲ್ಬು ಕೆಂಡದ ಹಾಗೆ ಕೆಂಪಗಾಗುತ್ತಿತ್ತು. ಫ್ರಿಜ್ಜು ಒಮ್ಮೆ ನರಳಿ, ಮೈ ನಡುಗಿಸಿ, ಟಕ್ ಎಂದು ಸುಮ್ಮನಾಗುತ್ತಿತ್ತು. ಮಮತಾ ಕೈಯಿಟ್ಟು ನೋಡಿದಳು. ಔಷಧದ ಡಬ್ಬಿ ಉಗುರುಬೆಚ್ಚಗಿತ್ತು.

ಶನಿವಾರ ಶಿಕಾರಿಪುರಕ್ಕೆ ಹೋದಾಗ ದಪ್ಪ ವೈರು ತರುತ್ತೇನೆ ಎಂದ ಪರಶುರಾಮ. ಶನಿವಾರಕ್ಕೆ ಇನ್ನೂ ಐದು ದಿನವಿತ್ತು. ಅಲ್ಲಿಯ ತನಕ ತಾಯಿಯಾದವಳು ಕೈಕಟ್ಟಿ ಕೂರುವುದು ಹೇಗೆ? ಫ್ರಿಜ್ಜಿನ ಗುಂಡಿ ಮೂರರ ಮೇಲಿತ್ತು, ಅವಳು ಅದನ್ನು ತಿರುಗಿಸಿ ಕೊನೆಯ ಏಳಕ್ಕೆ ಇಟ್ಟಳು. ಬಾಗಿಲಿನಲ್ಲಿದ್ದ ಡಬ್ಬಿಯನ್ನು ತೆಗೆದು, ಮೇಲಿನ ಐಸಿನ ಖಾನೆಗೆ ತಾಗಿಸಿಟ್ಟಳು. ರಾತ್ರಿ ಮೋಟರುಗಳು ನಿಂತ ಮೇಲೆ ಕರೆಂಟು ಸರಾಗವಾಗಿ ಬಂತು. ಬೆಳಿಗ್ಗೆ ಬಾಗಿಲು ತೆಗೆದರೆ ಡಬ್ಬಿಯ ಮೇಲೆ ಬೆಳ್ಳಗೆ ಐಸು ಕಟ್ಟಿತ್ತು. ಮಮತಾಳ ಜೀವ ತಂಪಾಯಿತು. ಸೀಸೆಯನ್ನು ಅಂಗೈಯಲ್ಲಿ ಉಜ್ಜಿ, ಕರಗಿಸಿ, ಎಂದಿನಂತೆ ಮಗಳ ತೊಡೆಗೆ ಸೂಜಿ ಹಾಕಿದಳು.

ಎರಡು ದಿನ ಕಳೆಯುವಷ್ಟರಲ್ಲಿ ಮೀನಾ ನೀರು ನೀರು ಎನ್ನತೊಡಗಿದಳು. ನೀರಿನ ಕೊಡ ಮಧ್ಯಾಹ್ನಕ್ಕೇ ತಳ ಕಂಡಿತು. ಬೆರಳು ಚುಚ್ಚಿ ಮೆಷಿನ್ನಿಗೆ ಹಿಡಿದರೆ ಸಕ್ಕರೆ ಮುನ್ನೂರ ಎಂಬತ್ತು, ಮಾರನೇ ದಿನ ನಾನೂರ ಐವತ್ತು. ಮಮತಾ ಕೂತು ಯೋಚಿಸಿದಳು. ಔಷಧ ಐಸಿನಲ್ಲಿದೆ. ಸೂಜಿ ಹೊತ್ತಿಗೆ ಸರಿಯಾಗಿ ಬೀಳುತ್ತಿದೆ. ಮುದ್ದೆ ನಾನೇ ಅಳತೆ ಮಾಡಿ ಇಡುತ್ತೇನೆ. ಅಂದಮೇಲೆ ಕಳ್ಳ ಯಾರು? ಪ್ಲಗ್ಗು ನೋಡಲು ದಿನಾ ಆ ಮನೆಗೆ ಹೋಗುತ್ತಾಳಲ್ಲ.

ನೀಲಾಂಬಿಕ ಅವರನ್ನು ಮೆತ್ತಗೆ ಕೇಳಿದಳು, ಮಗುವಿಗೆ ಏನಾದರೂ ಕೊಟ್ಟಿರಾ ಎಂದು.

"ಮಂಡಕ್ಕಿ ಕೊಟ್ರೂ ಅವ್ವನ್ನ ಕೇಳ್ಕಂಡು ಬರ್ತೀನಿ ಅಂತಾಳಲ್ಲ ತಂಗಿ ಆ ಹುಡುಗಿ. ನಾನು ಬೆಲ್ಲ ಹೆಂಗ ಕೊಡ್ಲಿ?" ಎಂದರು ಅವರು. ಮುಖ ಸಣ್ಣದಾಗಿತ್ತು.

ದೊಡ್ಡವರು ಮಕ್ಕಳನ್ನು ಬಿಟ್ಟುಕೊಡುವುದಿಲ್ಲ ಎಂದುಕೊಂಡಳು ಮಮತಾ. ಮಗಳನ್ನು ಹೊಡೆಯಲಿಲ್ಲ, ಗದರಲಿಲ್ಲ. ಹೊಡೆದಿದ್ದರೆ ಹುಡುಗಿ ತಿರುಗಿ ಬೀಳುತ್ತಿದ್ದಳೇನೋ. ತಲೆ ಬಾಚುವಾಗ ಕೇಳಿದಳು, ಉಣ್ಣಿಸುವಾಗ ಕೇಳಿದಳು, ಪಕ್ಕದಲ್ಲಿ ಮಲಗಿಸಿಕೊಂಡು ಬೆನ್ನು ಸವರುತ್ತ ಕೇಳಿದಳು. ತಿಂದಿಲ್ಲ ಅವ್ವ, ತಿಂದಿಲ್ಲ ಅವ್ವ ಎಂದು ಹುಡುಗಿ ಒಂದು ದಿನ ಪೂರ್ತಿ ಹೇಳಿದಳು. ಮರುದಿನ ಬೆಳಿಗ್ಗೆ ಮಮತಾ ಮತ್ತೆ ತೊಡೆಯ ಮೇಲೆ ಕೂರಿಸಿಕೊಂಡಳು.

"ಅವ್ವ ಬೈಯಲ್ಲ ಕೂಸೆ. ಖರೆ ಹೇಳಿಬಿಟ್ರೆ ಸಾಕು."

ಮೀನಾ ತಾಯಿಯ ಮುಖ ನೋಡಿದಳು.

"ತಿಂದೆ ಅವ್ವ. ಬೆಲ್ಲ."

"ಎಷ್ಟು?"

ಹುಡುಗಿ ಮತ್ತೆ ಮುಖ ನೋಡಿದಳು. ಎಷ್ಟೆಂದರೆ ಇವಳಿಗೆ ಸಮಾಧಾನವಾದೀತು ಎಂದು ಹುಡುಕುವಂತಿತ್ತು ಆ ನೋಟ. "ಎರಡು ಉಂಡೆ," ಎಂದಳು.

ಮಮತಾ ಅವಳನ್ನು ಎದೆಗೊತ್ತಿಕೊಂಡಳು. ಕಾರಣ ಸಿಕ್ಕಿತಲ್ಲ, ಇನ್ನು ಬೆಲ್ಲ ತಪ್ಪಿಸಿದರಾಯಿತು. ಅವತ್ತು ಆಸ್ಪತ್ರೆಗೆ ಹೋಗೋಣವಾ ಎಂದು ಪರಶುರಾಮ ಕೇಳಿದ್ದಕ್ಕೆ, ಬೇಡ, ಎರಡು ದಿನ ಬಾಯಿ ಕಟ್ಟಿದರೆ ಇಳಿಯುತ್ತದೆ ಎಂದಳು.

ಇಳಿಯಲಿಲ್ಲ. ಮಾರನೇ ಮಧ್ಯಾಹ್ನ ಮೀನಾ ವಾಂತಿ ಮಾಡಿ ಮಲಗಿದಳು. ಓಡಿ ಬಂದವಳ ಹಾಗೆ ಉದ್ದುದ್ದ ಉಸಿರು ಎಳೆಯುತ್ತಿದ್ದಳು, ಕರೆದರೆ ಕಣ್ಣು ಅರ್ಧ ಮಾತ್ರ ತೆರೆಯುತ್ತಿದ್ದಳು. ಮಹೇಶ್ವರಪ್ಪನವರು ತಮ್ಮ ಕಾರಿನಲ್ಲೇ ಶಿಕಾರಿಪುರದ ಆಸ್ಪತ್ರೆಗೆ ಒಯ್ದರು. ಮಮತಾ ಔಷಧದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಹೋದಳು.

ಡ್ರಿಪ್ಪು ಹಾಕಿ, ರಕ್ತ ತೆಗೆದು, ಡಾಕ್ಟರಮ್ಮ ಏನೇನು ತಿಂದಿದ್ದಳು ಎಂದು ವಿಚಾರಿಸಿದರು. ಮಮತಾ ಬಾಯಿ ತೆರೆಯುವ ಮೊದಲೇ ಹಾಸಿಗೆಯಿಂದ ಸಣ್ಣ ದನಿ ಬಂತು: ಬೆಲ್ಲ, ಎರಡು ಉಂಡೆ. ಎರಡು ಉಂಡೆ ಬೆಲ್ಲಕ್ಕೆ ಮಗು ಈ ಸ್ಥಿತಿಗೆ ಬರುವುದಿಲ್ಲ ಎಂದು ಡಾಕ್ಟರಮ್ಮ ಡಬ್ಬಿ ಕೇಳಿ ಪಡೆದರು. ಸೀಸೆಯನ್ನು ಅಂಗೈಯಲ್ಲಿ ಉರುಳಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿಗೆ ಒಳಗಿನಿಂದ ಒಡೆದ ಹಾಲಿನಂಥ ಚೂರುಗಳು ಅಂಟಿಕೊಂಡಿದ್ದವು. ಉಳಿದ ಸೀಸೆಗಳೂ ಹಾಗೇ ಇದ್ದವು.

"ಐಸಿನ ಹತ್ರ ಇಟ್ಟಿದ್ರಾ?"

"ಹೌದ್ರಿ ಮೇಡಂ. ಬಿಸಿ ತಾಗೋಕೆ ಬಿಟ್ಟಿಲ್ಲ."

"ಬಿಸಿಗಿಂತ ಇದು ಕೆಟ್ಟದ್ದಮ್ಮ. ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು, ಕರಗಿದ್ಮೇಲೂ ಕೆಲಸ ಮಾಡಲ್ಲ. ಇಷ್ಟು ದಿನ ನೀವು ನೀರು ಚುಚ್ಚಿದ ಹಾಗೇ."

ಮಮತಾ ಅಳಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು ಎನ್ನಿಸಿತು ಅವಳಿಗೆ. ಏಳಕ್ಕೆ ತಿರುಗಿಸಿದ ಬೆರಳುಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು.

ಆರು ದಿನ ವಾರ್ಡಿನಲ್ಲಿದ್ದರು. ಮೀನಾ ಎದ್ದು ಕೂತು ಗಂಜಿ ಕುಡಿಯುವಂತಾದ ದಿನ ಮಮತಾ ಅವಳ ಎರಡೂ ಕೈ ಹಿಡಿದು, ನೀನು ಬೆಲ್ಲ ತಿಂದೇ ಇರಲಿಲ್ಲ ಅಲ್ವಾ, ತಪ್ಪೆಲ್ಲ ಅವ್ವನದೇ ಎಂದಳು.

"ನೀ ಹೆಂಗಂತಿಯೋ ಹಂಗೆ ಅವ್ವ," ಎಂದಳು ಮೀನಾ.

ಹೊಸ ಸೀಸೆಗಳನ್ನು ಕೊಡುವಾಗ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಹಗಲು ಸಾಯುವ, ರಾತ್ರಿ ಬದುಕುವ ಆ ಫ್ರಿಜ್ಜನ್ನು ಇನ್ನು ನಂಬಬೇಡಿ, ಮಗುವನ್ನು ಒಂದು ಮನೆಯಲ್ಲಿ, ಒಂದೇ ಕಡೆ ಇಡಿ. ಒಂದು ಮನೆ ಎಂದರೆ ಪರಶುರಾಮನ ಅಕ್ಕ ಗುತ್ಯಮ್ಮನದು, ಸೊರಬದ ಕಡೆಯ ಉಳವಿಯಲ್ಲಿ. ಮಮತಾ ತಾನೂ ಅಲ್ಲೇ ಉಳಿಯುತ್ತೇನೆ ಎಂದಳು. ನೂರಾ ಹತ್ತು ಕುರಿ, ಅರ್ಧಕ್ಕರ್ಧ ಮರಿ ಹಾಕುವ ಹೊತ್ತು, ಒಬ್ಬ ಗಂಡಸು. ಪರಶುರಾಮ ಬೇಡ ಎನ್ನಲಿಲ್ಲ. ಸುಮ್ಮನೆ ತಲೆ ತಗ್ಗಿಸಿ ಕೂತ. ಅವನು ಕೂತದ್ದನ್ನು ನೋಡಿ ಅವಳೇ, ಮಗಳನ್ನು ಬಿಟ್ಟು ಉಳವಿಯಿಂದ ಮರಳುವ ಬಸ್ಸಿನ ಹೊತ್ತು ವಿಚಾರಿಸಿದಳು.

ಗುತ್ಯಮ್ಮ ಕೆಟ್ಟವಳಲ್ಲ. ಅವಳ ಫ್ರಿಜ್ಜೂ ಒಳ್ಳೆಯದೇ. ಮಳೆ ಹಿಡಿದರೆ ಅಲ್ಲೂ ಎರಡೆರಡು ದಿನ ಕರೆಂಟು ಇರುವುದಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಬಸ್ಸು ಬಂದಾಗ ಮೀನಾ ಸೆರಗು ಹಿಡಿಯಲಿಲ್ಲ. ಹೋಗ್ಬರ್ಲಾ ಎಂದರೆ ಹೂಂ ಎಂದಳು.

ಈಗ ಮಮತಾ ದಿನಾ ಸಂಜೆ, ಬಲೆ ಕಟ್ಟುವ ಮೊದಲು, ಬದುವಿನ ಮೇಲೆ ನಿಂತು ಫೋನ್ ಮಾಡುತ್ತಾಳೆ. ಉಂಡೆಯಾ? ಹೂಂ. ಅತ್ತೆ ಸೂಜಿ ಹಾಕಿದಳಾ? ಹೂಂ. ನೋಯ್ತಾ? ಇಲ್ಲ. ಸ್ವಲ್ಪವಾದರೂ ನೋಯ್ತಲ್ವಾ? ಹೂಂ, ಸ್ವಲ್ಪ. ಯಾವುದನ್ನು ನಂಬಬೇಕು ಎಂದು ಅವಳಿಗೆ ತಿಳಿಯುವುದಿಲ್ಲ.

ಮೊನ್ನೆ ಕೇಳಿದಳು, "ಇವತ್ತು ಮೆಷಿನ್ನಿನಾಗೆ ಎಷ್ಟು ಬಂತು ಮೀನಾ?"

ಮೀನಾ ತಿರುಗಿ ಕೇಳಿದಳು,

"ಎಷ್ಟು ಇರಬೇಕಿತ್ತು ಅವ್ವ?"